ಎರಡು ಕೈಯ ಪ್ರಶ್ನೆ

ಧಾರವಾಡ, ಭಾನುವಾರ, ಜೂನ್ 16, 2024

ಬೆಳಗಿನಿಂದ ಜಿಟಿಜಿಟಿ ಮಳೆ. ಅಂಗಳಕ್ಕೆ ಇಳಿಯಲಾಗದೆ ಮಕ್ಕಳು ಬೇಸರಪಟ್ಟುಕೊಂಡು ಕೂತಿದ್ದಾರೆ ಅಂತ ಹಾಸ್ಟೆಲಿನ ವಾರ್ಡನ್ ಫೋನ್ ಮಾಡಿದರು. ರಜೆಯ ದಿನವಾದರೂ ಮನಸ್ಸು ತಡೆಯಲಿಲ್ಲ. ಪುಟ್ಟ ಸ್ಪೀಕರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹತ್ತು ಗಂಟೆಗೆ ಹೊರಟೆ. ದೃಷ್ಟಿಯಿಲ್ಲದ ಮಕ್ಕಳಿಗೆ ಬ್ರೈಲ್, ಅಂದರೆ ಬೆರಳಿನಿಂದ ಮುಟ್ಟಿ ಓದುವ ಚುಕ್ಕೆಗಳ ಲಿಪಿ, ಮತ್ತು ಸಂಗೀತ ಹೇಳಿಕೊಡುವುದು ನನ್ನ ಕೆಲಸ. ಇಲ್ಲಿ ಹೊಸದಾಗಿ ಓದುತ್ತಿರುವವರಿಗೆ ಅಷ್ಟು ಗೊತ್ತಿದ್ದರೆ ಸಾಕು.

ಎರಡು ವಾರದಿಂದ ಕ್ಲಾರೆನ್ಸ್ ಕಾರ್ಟರ್ ಅವರ ಹಾಡುಗಳಲ್ಲೇ ಇದ್ದೇನೆ. ಅಮೆರಿಕದ ಅಲಬಾಮ ರಾಜ್ಯದ ಹಾಡುಗಾರರು. ಎಳವೆಯಿಂದಲೇ ಕಣ್ಣಿಲ್ಲ. 2024ರ ಜನವರಿಗೆ ಅವರಿಗೆ 88 ವರ್ಷ ತುಂಬಿತ್ತು. ಇವತ್ತು ಮಕ್ಕಳಿಗೆ ಅವರ ‘ಪ್ಯಾಚಸ್’ ಕೇಳಿಸಿದೆ. ಇಂಗ್ಲಿಷ್ ಪೂರ್ತಿ ಅರ್ಥವಾಗುವುದಿಲ್ಲವಲ್ಲ, ಅದಕ್ಕೆ ಮೊದಲು ಕಥೆ ಹೇಳಿದೆ. ಅಲಬಾಮದ ಕಾಡಂಚಿನ ಹೊಲದಲ್ಲಿ ಒಬ್ಬ ಬಡ ಹುಡುಗ. ಹರಿದು ತೇಪೆ ಹಾಕಿದ ಬಟ್ಟೆ ಹಾಕಿಕೊಂಡು ಶಾಲೆಗೆ ಹೋಗುತ್ತಾನೆ, ಅದಕ್ಕೇ ಅವನ ಹೆಸರು ಪ್ಯಾಚಸ್. ಅಪ್ಪ ಸಾಯುವಾಗ ಅವನನ್ನು ಹಾಸಿಗೆಯ ಬಳಿ ಕರೆದು, ಇನ್ನು ಮನೆ ನಿನ್ನ ಮೇಲೆ ಅನ್ನುತ್ತಾನೆ. ಹುಡುಗ ಹೊಲದಲ್ಲೂ ದುಡಿಯುತ್ತಾನೆ, ಶಾಲೆಗೂ ಹೋಗುತ್ತಾನೆ. ಒಂದು ದಿನ ಜಡಿಮಳೆ ಸುರಿದು ಬೆಳೆಯೆಲ್ಲ ಕೊಚ್ಚಿಹೋಗುತ್ತದೆ.

ಅಷ್ಟು ಹೇಳುವಷ್ಟರಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ತಲೆ ಎತ್ತಿದ. ಅವರ ಮನೆಯಲ್ಲಿ ಹೆಸರು, ಶೇಂಗಾ ಬೆಳೆಯುತ್ತಾರೆ. “ಬಿತ್ತಿದ್ದ ಬೀಜಾನೂ ಹೋತೇನ್ರೀ ಟೀಚರ್?” ಅಂದ. ಅವನಿಗೆ ಅಲಬಾಮ ಎಲ್ಲಿದೆಯೋ ಗೊತ್ತಿಲ್ಲ, ಹಸಿ ಮಣ್ಣಿನಲ್ಲಿ ಕೊಳೆಯುವ ಬೀಜ ಗೊತ್ತು.

ಹಾಡು ಹಚ್ಚಿದೆ. ಶುರುವಿಗೇ ಹಾಡಿಲ್ಲ, ಮಾತು. ನಾನು ಹುಟ್ಟಿ ಬೆಳೆದದ್ದು ಹೀಗೆ, ನಮ್ಮಪ್ಪ ಹೀಗಿದ್ದ ಅಂತ ಕಟ್ಟೆಯ ಮೇಲೆ ಕೂತು ಹೇಳುವ ಹಾಗೆ ಕಾರ್ಟರ್ ಮಾತಾಡುತ್ತಾರೆ. ದಪ್ಪ ದನಿ, ಅವಸರವೇ ಇಲ್ಲ. ಆ ಮಾತು ಯಾವಾಗ ರಾಗವಾಯಿತೆಂದು ಮೂರು ಸಲ ಕೇಳಿದರೂ ನನಗೆ ಗೆರೆ ಎಳೆಯಲಾಗಲಿಲ್ಲ. ಅಪ್ಪನ ಮಾತು ಬರುವಾಗ ಮಾತ್ರ ದನಿ ಪೂರ್ತಿ ತೆರೆದುಕೊಳ್ಳುತ್ತದೆ.

ಮುಗಿದ ಮೇಲೆ ಅದೇ ಹುಡುಗ ಒಂದು ಪ್ರಶ್ನೆ ಕೇಳಿದ. “ಅವ್ರು ಗಿಟಾರ್ ಬಾರಸ್ತಾರ, ಬ್ರೈಲ್‌ನ್ಯಾಗ ಸಂಗೀತ ಬರೀತಾರ ಅಂದ್ರಿ. ಬಾರಸೂ ಮುಂದ ಹೆಂಗ ಓದ್ತಾರ್ರೀ? ಎರಡೂ ಕೈ ಬೇಕಲ್ಲ.”

ಕಾರ್ಟರ್ ಬಗ್ಗೆ ನಾನು ಓದಿದ ಎಷ್ಟೋ ಬರಹಗಳಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಬರೆದವರೆಲ್ಲ, ಕಾರ್ಟರ್ ಕತ್ತಲನ್ನು ಗೆದ್ದವರು, ಒಳಗಣ್ಣಿನಿಂದ ಕಂಡವರು ಎಂದು ಬರೆಯುತ್ತಾರೆ. ನಮ್ಮಲ್ಲೂ ಗದುಗಿನ ಪುಟ್ಟರಾಜ ಗವಾಯಿಗಳ ಬಗ್ಗೆ ಹೀಗೇ ಬರೆಯುವವರಿದ್ದಾರೆ. ಅವರು ದಿನವೂ ಕೂತು ಮಾಡಿದ ರಿಯಾಜ್ ಅಂಥ ಬರಹದಲ್ಲಿ ಕಾಣಿಸುವುದೇ ಇಲ್ಲ. ಒಳಗಣ್ಣು ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ನನ್ನ ಮಕ್ಕಳಿಗೆ ಬೇಕಾದದ್ದು ಪವಾಡವಲ್ಲ. ಬ್ರೈಲ್ ಬರೆಯಲು ಕಾಗದ ಸಿಕ್ಕಿಸುವ ಸ್ಲೇಟು, ಚುಕ್ಕೆ ಚುಚ್ಚುವ ಸ್ಟೈಲಸ್, ದಪ್ಪ ಕಾಗದ, ಕಲಿಸುವವರು, ಆಮೇಲೆ ವರ್ಷಗಟ್ಟಲೆ ಹೊತ್ತು. ಕಾರ್ಟರ್‌ಗೆ ಸಿಕ್ಕದ್ದೂ ಅದೇ. ಸಿಕ್ಕದ್ದನ್ನು ಅವರು ಬಿಡಲಿಲ್ಲ.

ಹುಟ್ಟಿದ್ದು 1936ರ ಜನವರಿ 14, ಮಾಂಟ್‌ಗಮರಿ ಊರಲ್ಲಿ. ಗಿಟಾರ್ ಕಲಿತದ್ದು ತಾವೇ, ಜಾನ್ ಲೀ ಹೂಕರ್, ಲೈಟ್ನಿಂಗ್ ಹಾಪ್ಕಿನ್ಸ್, ಜಿಮ್ಮಿ ರೀಡ್ ಇವರ ಬ್ಲೂಸ್ (ಅಮೆರಿಕದ ಕರಿಯ ಜನರ ಹಾಡಿನ ಒಂದು ಬಗೆ) ರೆಕಾರ್ಡುಗಳನ್ನು ಕೇಳಿ ಕೇಳಿ. ಓದಿದ್ದು ಟ್ಯಾಲಡೀಗದ ಅಂಧರ ಶಾಲೆಯಲ್ಲಿ. ಆ ಕಾಲದ ಅಲಬಾಮದಲ್ಲಿ ಕಣ್ಣಿಲ್ಲದ ಮಕ್ಕಳನ್ನೂ ಬಣ್ಣ ನೋಡಿ ಬೇರೆ ಮಾಡಿದ್ದರು. ಕರಿಯ ಮಕ್ಕಳಿಗೇ ಒಂದು ಶಾಲೆ, ಬಿಳಿಯ ಮಕ್ಕಳಿಗೇ ಒಂದು. ಬಣ್ಣವೆಂದರೆ ಏನೆಂದೇ ಕಾಣದ ಮಕ್ಕಳನ್ನು! ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಕಾರ್ಟರ್‌ಗೆ ಹತ್ತೊಂಬತ್ತು ವರ್ಷವಿದ್ದಾಗ, 1955ರ ಡಿಸೆಂಬರಿನಲ್ಲಿ, ಅವರದೇ ಊರಿನ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಕೂತರು. ಮುಂದೆ 381 ದಿನ ಅಲ್ಲಿನ ಕರಿಯ ಜನ ಬಸ್ಸು ಹತ್ತಲಿಲ್ಲ. ಕಾರ್ಟರ್ ಸಂಗೀತದ ಪದವಿ ಪಡೆದದ್ದೂ ಅದೇ ಊರಿನಲ್ಲಿ, ಅಲಬಾಮ ಸ್ಟೇಟ್ ಕಾಲೇಜಿನಲ್ಲಿ, 1960ರಲ್ಲಿ. ಬ್ರೈಲ್ ಲಿಪಿಯಲ್ಲಿ ಸ್ವರ ಬರೆಯುವುದನ್ನು, ವಾದ್ಯಗಳಿಗೆ ಹಾಡನ್ನು ಹಂಚಿ ಹೊಂದಿಸುವುದನ್ನು ಪಾಠವಾಗಿ ಕಲಿತವರು ಅವರು.

ಹುಡುಗನ ಪ್ರಶ್ನೆಗೆ ಬರುತ್ತೇನೆ. ಲೂಯಿ ಬ್ರೈಲ್ ಸ್ವತಃ ಆರ್ಗನ್ ನುಡಿಸುವವರಾಗಿದ್ದರು. 1829ರಲ್ಲಿ ಲಿಪಿಯನ್ನು ಅಚ್ಚು ಹಾಕಿಸಿದಾಗಲೇ ಅದರಲ್ಲಿ ಸಂಗೀತಕ್ಕೂ ದಾರಿ ಮಾಡಿದ್ದರು. ಅವೇ ಆರು ಚುಕ್ಕೆ, ಸಂಗೀತದಲ್ಲಿ ಬೇರೆ ಅರ್ಥ. ಆದರೆ ಓದುವುದು ಬೆರಳು. ಪಿಯಾನೋ ಕಲಿಯುವ ಮಗು ಎಡಗೈಯಿಂದ ಓದುತ್ತಾ ಬಲಗೈಯ ಪಾಠ ನುಡಿಸುತ್ತದೆ, ಆಮೇಲೆ ಕೈ ಬದಲಿಸಿ ಇನ್ನೊಂದನ್ನು, ಕೊನೆಗೆ ಕಾಗದ ಬದಿಗಿಟ್ಟು ಎರಡನ್ನೂ ಕೂಡಿಸುತ್ತದೆ. ಗಿಟಾರ್‌ಗೆ ಅದೂ ಆಗುವುದಿಲ್ಲ, ಒಂದು ಕೈ ತಂತಿ ಒತ್ತಬೇಕು, ಇನ್ನೊಂದು ಮೀಟಬೇಕು. ನಮ್ಮ ಹುಡುಗ ಹಾರ್ಮೋನಿಯಂ ನುಡಿಸುವವನು. ಒಂದು ಕೈ ತಿದಿಗೆ, ಒಂದು ಕೈ ಮನೆಗಳಿಗೆ. ಅವನ ಕಷ್ಟವೂ ಅದೇ, ಅದಕ್ಕೇ ಆ ಪ್ರಶ್ನೆ ಅವನಿಗೆ ಹೊಳೆದದ್ದು.

“ಓದಿಕೋತ ಬಾರಸಂಗಿಲ್ಲಪ್ಪಾ. ಮೊದ್ಲು ಓದಿ, ಪೂರಾ ಬಾಯಿಪಾಠ ಮಾಡಿ, ಆಮ್ಯಾಲ ಬಾರಸೂದು” ಅಂದೆ.

“ಎಲ್ಲಾ ಹಾಡೂ?”

“ಎಲ್ಲಾ ಹಾಡೂ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾಳ ಆತಲ್ರೀ” ಅಂದ.

ಭಾಳ ಆಯಿತು, ನಿಜ. ಕಾಗದ ಮುಂದಿಟ್ಟುಕೊಂಡು ನುಡಿಸುವವರ ನಡುವೆ ಕೂತು, ತಾನೊಬ್ಬ ಎಲ್ಲವನ್ನೂ ತಲೆಯಲ್ಲಿ ಹೊತ್ತಿರುವುದು ಎಂಥ ದುಡಿಮೆ ಅಂತ ಕಲಿಸುವ ನನಗೆ ಗೊತ್ತು.

ಕಾಲೇಜಿನ ನಂತರ ಕಾರ್ಟರ್, ಕ್ಯಾಲ್ವಿನ್ ಸ್ಕಾಟ್ ಎಂಬ ಗೆಳೆಯನೊಂದಿಗೆ ಜೋಡಿಯಾಗಿ ಹಾಡಿದರು. ಸ್ಕಾಟ್‌ಗೂ ಕಣ್ಣಿರಲಿಲ್ಲ. ಕೆಲವು ವರ್ಷ ರೆಕಾರ್ಡು ತಂದರು, ಯಾವುದೂ ಓಡಲಿಲ್ಲ. 1965ರಲ್ಲಿ ಇಬ್ಬರೂ ಅಲಬಾಮದ ಉತ್ತರ ಭಾಗದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಫೇಮ್ ಸ್ಟುಡಿಯೊಕ್ಕೆ ಹೋದರು. ಮರುವರ್ಷ ಕಾರು ಅಪಘಾತವಾಗಿ ಸ್ಕಾಟ್‌ಗೆ ಜೋರು ಪೆಟ್ಟಾಯಿತು. ಜೋಡಿ ಮುರಿಯಿತು. ಅಲ್ಲಿಂದ ಕಾರ್ಟರ್ ಒಬ್ಬರೇ.

ಫೇಮ್ ನಡೆಸುತ್ತಿದ್ದವರು ರಿಕ್ ಹಾಲ್, ಬಡತನದಲ್ಲಿ ಬೆಳೆದ ಬಿಳಿಯ. 1963ರಲ್ಲಿ ಅದೇ ರಾಜ್ಯದ ಗವರ್ನರ್ ಜಾರ್ಜ್ ವಾಲೆಸ್ ಪ್ರಮಾಣವಚನದ ಭಾಷಣದಲ್ಲಿ, ಬಿಳಿಯರು ಕರಿಯರು ಎಂದೆಂದಿಗೂ ಬೇರೆಯೇ ಇರಬೇಕು ಎಂದು ಕೂಗಿದ್ದ. ಅಂಥ ನೆಲದಲ್ಲಿ ಈ ಸ್ಟುಡಿಯೊದ ಒಳಗೆ ಕಂಟ್ರಿ ಸಂಗೀತ ಕೇಳಿ ಬೆಳೆದ ಬಿಳಿಯ ಹುಡುಗರು ವಾದ್ಯ ನುಡಿಸಿದರು, ಕರಿಯ ಹಾಡುಗಾರರು ಹಾಡಿದರು. ಕಂಟ್ರಿ ಸೋಲ್ ಎಂದು ಕರೆಯುವುದು ಈ ಬೆರಕೆಯನ್ನೇ. ಚರ್ಚಿನಿಂದಲೂ ಬ್ಲೂಸ್‌ನಿಂದಲೂ ಬಂದ ದನಿ, ಹಳ್ಳಿಗರ ಕಂಟ್ರಿ ಹಾಡಿನ ಹಾಗೆ ಕಥೆ ಹೇಳುವ ಸಾಹಿತ್ಯ. ನನ್ನ ಕಿವಿಗೆ ಕಾರ್ಟರ್ ಅದರ ನಡುಮನೆಯಲ್ಲಿ ಕೂತವರು, ಯಾಕೆಂದರೆ ಅವರು ಹಾಡುಗಾರರಷ್ಟೇ ಅಲ್ಲ, ಕಥೆ ಹೇಳುವವರು.

1967ರಲ್ಲಿ ಅವರು ‘ಟೆಲ್ ಡ್ಯಾಡಿ’ ಹಾಡಿದರು. ಅದನ್ನೇ ರಿಕ್ ಹಾಲ್ ಅದೇ ವರ್ಷ ಹೆಣ್ಣಿನ ಮಾತಾಗಿ ತಿರುಗಿಸಿ ಎಟಾ ಜೇಮ್ಸ್ ಅವರಿಂದ ‘ಟೆಲ್ ಮಾಮಾ’ ಎಂದು ಹಾಡಿಸಿದರು. ಜಗತ್ತಿಗೆ ನೆನಪಿರುವುದು ಎರಡನೆಯದು. 1968ರ ‘ಸ್ಲಿಪ್ ಅವೇ’ ಮಾತ್ರ ಯಾರೂ ಕಸಿಯಲಾಗದ ಹಾಡು. ಅಮೆರಿಕದ ಪಾಪ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು. ಬೇರೊಬ್ಬನ ಹೆಂಗಸನ್ನು ಕದ್ದು ಬಾ ಎಂದು ಕರೆಯುವ ಹಾಡು, ಹಾಗಾಗಿ ಮಕ್ಕಳಿಗೆ ಕೇಳಿಸುವುದಿಲ್ಲ. ಆದರೆ ಆ ಕರೆಯಲ್ಲಿ ಠೀವಿಯಿಲ್ಲ. ತಪ್ಪೆಂದು ಗೊತ್ತಿದ್ದೂ ಕಾಲು ನಿಲ್ಲದವನ ದೈನ್ಯವಿದೆ. ರಾತ್ರಿ ಅಡುಗೆಮನೆ ಒರೆಸುತ್ತಾ ಕೇಳುತ್ತೇನೆ. ಕಾರ್ಟರ್ ಅವರ ‘ದ ರೋಡ್ ಆಫ್ ಲವ್’ನಲ್ಲಿ ಆಗಿನ್ನೂ ಹೆಸರಾಗದಿದ್ದ ಡ್ವೇನ್ ಆಲ್ಮನ್ ಗಿಟಾರ್ ನುಡಿಸಿದ್ದಾರೆ. ಗಿಟಾರ್ ಇಷ್ಟಪಡುವವರು ಅದನ್ನು ಹುಡುಕಿ ಕೇಳಿ.

‘ಪ್ಯಾಚಸ್’ 1970ರದು. ಅಲಬಾಮದ ಹೊಲದ ಈ ಹಾಡನ್ನು ಬರೆದವರು ಅಲಬಾಮದವರಲ್ಲ. ಡೆಟ್ರಾಯಿಟ್‌ನ ಒಂದು ಕಂಪನಿಗೆ ಕೆಲಸ ಮಾಡುತ್ತಿದ್ದ ಜನರಲ್ (ಹುದ್ದೆಯಲ್ಲ, ಹೆಸರೇ) ಜಾನ್ಸನ್ ಮತ್ತು ರಾನ್ ಡನ್‌ಬಾರ್. ಜಾನ್ಸನ್ ತಮ್ಮ ತಂಡದೊಂದಿಗೆ ಮೊದಲು ಹಾಡಿಯೂ ಇದ್ದರು. ಆ ರೆಕಾರ್ಡು ಕೇಳಿದ ಕಾರ್ಟರ್‌ಗೆ ಇದನ್ನು ಸಹಜವಾಗಿ, ಒಬ್ಬ ಮನುಷ್ಯ ತನ್ನ ಕಥೆ ಹೇಳಿಕೊಳ್ಳುವ ಹಾಗೆ ಹಾಡಬೇಕು ಅನ್ನಿಸಿತು. ರಿಕ್ ಹಾಲ್‌ಗೆ ಈ ಹಾಡು ತಮ್ಮ ಅಪ್ಪನದೇ. ಪರರ ಹೊಲ ಉತ್ತು ಮಗನನ್ನು ಸಾಕಿದ ಅಪ್ಪ. ಮಗ ದುಡಿದು ಅಪ್ಪನಿಗೊಂದು ಟ್ರ್ಯಾಕ್ಟರ್ ಕೊಡಿಸಿದ್ದ, ಅದೇ ಟ್ರ್ಯಾಕ್ಟರ್ ಮಗುಚಿ ಅಪ್ಪ ತೀರಿಹೋದ. ಒಬ್ಬ ಬಿಳಿಯ ಮಗನ ಶೋಕ, ಒಬ್ಬ ಕರಿಯ ಹಾಡುಗಾರನ ದನಿ, ಇಬ್ಬರ ಕಾಲ ಕೆಳಗೂ ಅದೇ ಅಲಬಾಮದ ಮಣ್ಣು. ಹಾಡು ಅಮೆರಿಕದಲ್ಲಿ 4ನೇ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಬರೆದ ಇಬ್ಬರಿಗೆ ಗ್ರ್ಯಾಮಿ ಬಂತು. ಪ್ರಶಸ್ತಿ ಹಾಡು ಬರೆದವರದು, ಹಾಡಿದವರಿಗೆ ಸಲ್ಲುವುದಲ್ಲ. ಅದು ನಿಯಮ, ಒಪ್ಪುತ್ತೇನೆ. ಆದರೂ ಆ ಮೊದಲ ಮಾತುಗಳನ್ನು ಕಾರ್ಟರ್ ಆಡದಿದ್ದರೆ ಇಲ್ಲಿ ಧಾರವಾಡದ ಮಳೆಯಲ್ಲಿ ನಾವು ಅದನ್ನು ಕೇಳುತ್ತಿರಲಿಲ್ಲ.

ಅದೇ 1970ರಲ್ಲಿ ಗಾಯಕಿ ಕ್ಯಾಂಡಿ ಸ್ಟೇಟನ್ ಅವರನ್ನು ಮದುವೆಯಾದರು. ಅವರನ್ನು ಫೇಮ್‌ಗೆ ಕರೆತಂದವರೂ ಕಾರ್ಟರ್ ಅವರೇ. ಒಬ್ಬ ಮಗ ಹುಟ್ಟಿದ. 1973ರಲ್ಲಿ ಬೇರೆಯಾದರು. ಎಪ್ಪತ್ತರ ದಶಕದ ಕೊನೆಗೆ ಡಿಸ್ಕೋ ಬಂದು ಇಂಥ ಹಾಡುಗಳ ಗಿರಾಕಿ ಕಡಿಮೆಯಾಯಿತು. ಎಂಬತ್ತರ ದಶಕದಲ್ಲಿ ‘ಸ್ಟ್ರೋಕಿನ್’ ಎಂಬ ಪೋಲಿ ಹಾಡಿನಿಂದ ಅವರು ಮತ್ತೆ ಎದ್ದು ಬಂದರು. ರೇಡಿಯೊದವರು ಹಾಕಲೊಲ್ಲದ ಆ ಹಾಡನ್ನು ಜನ ಜ್ಯೂಕ್‌ಬಾಕ್ಸ್‌ಗೆ ಕಾಸು ಹಾಕಿ ಹಾಕಿ ಕೇಳಿದರು. ನನಗೆ ಅದು ಇಷ್ಟವಿಲ್ಲ. ಅದರಲ್ಲಿ ಬರುವ ಅವರ ಎದೆಯಾಳದ ನಗು ಮಾತ್ರ ಇಷ್ಟ.

ಊಟವಾದ ಮೇಲೆ ಹುಡುಗ ಪಡಸಾಲೆಯಲ್ಲಿ ಸ್ಲೇಟು ಹಿಡಿದು ಕೂತಿದ್ದ. ಟಕ್ ಟಕ್ ಟಕ್. ಬ್ರೈಲ್ ಚುಚ್ಚುವುದು ಬಲದಿಂದ ಎಡಕ್ಕೆ, ಕಾಗದ ತಿರುವಿ ಓದುವುದು ಎಡದಿಂದ ಬಲಕ್ಕೆ. ಹಾಗಾಗಿ ಪ್ರತಿ ಅಕ್ಷರವನ್ನೂ ತಿರುಗಿಸಿ ಬರೆಯಬೇಕು. ಇನ್ನೊಂದು ಸಲ ಹಚ್ಚಿರಿ ಅಂತ ಎರಡು ಸಲ ಹಾಡು ಹಾಕಿಸಿಕೊಂಡ. ನಾನು ಹೊರಡುವಾಗ ಹಾಳೆ ಕೈಗೆ ಕೊಟ್ಟ.

ಈಗ ರಾತ್ರಿ ಒಂಬತ್ತೂವರೆ. ನಾನು ಬ್ರೈಲ್ ಓದುವುದು ಕಣ್ಣಿನಿಂದ, ನನ್ನ ಬೆರಳಿಗೆ ಅಷ್ಟು ಜಾಣತನವಿಲ್ಲ. ಟೇಬಲ್ ಲ್ಯಾಂಪನ್ನು ಓರೆ ಮಾಡಿ ಹಿಡಿದರೆ ಪ್ರತಿ ಚುಕ್ಕೆಗೂ ಒಂದು ಸಣ್ಣ ನೆರಳು ಬೀಳುತ್ತದೆ, ಅದನ್ನು ಓದುತ್ತೇನೆ. ಸರಿಗಮದಲ್ಲಿ ಬರೆದಿದ್ದಾನೆ. ಅಪ್ಪನ ಮಾತು ಬರುವ ಸಾಲಿನ ಧಾಟಿ ಹೆಚ್ಚೂಕಡಿಮೆ ಪೂರ್ತಿ ಇದೆ. ಗ ಎಲ್ಲೂ ತಪ್ಪಿಲ್ಲ, ಅದನ್ನು ತಿರುವಿದರೂ ಅದೇ ಅಕ್ಷರ. ಮ ಮಾತ್ರ ಮೂರನೇ ಸಾಲಿನಲ್ಲಿ ಎರಡು ಕಡೆ ತಿರುವುಮುರುವಾಗಿ ಶ ಆಗಿ ಕೂತಿದೆ. ನಾಳೆ ಮೊದಲ ಪೀರಿಯಡ್ಡಿಗೇ ಅವನ ಬೆರಳಿಟ್ಟು ತೋರಿಸಬೇಕು. ಆಮೇಲೆ ಹಾಳೆ ಇಸಿದುಕೊಂಡು ಹಾರ್ಮೋನಿಯಂ ಮುಂದೆ ಕೂರಿಸಬೇಕು.

ಹಾಳೆಯ ಕೆಳಗೆ, ಸ್ವರಗಳೆಲ್ಲ ಮುಗಿದ ಮೇಲೆ, ಇನ್ನೊಂದು ಸಾಲು ಚುಚ್ಚಿದ್ದಾನೆ: ಮಾತಾಡೂದನ್ನ ಹೆಂಗ ಬರೀಬೇಕ್ರೀ ಟೀಚರ್?