ಆರು ತಿಂಗಳ ಬ್ಯಾಟರಿ, ಬೀದಿ ಬದಿಯ ಗೇಟು

ಬೆಳಗ್ಗೆ ಐದೂ ಮುಕ್ಕಾಲಿಗೆ ಹಾಲಿನವನು. ಆರಕ್ಕೆ ಪೇಪರ್. ಆರೂ ಕಾಲಿಗೆ ಎದುರುಮನೆಯ ನಾಯಿ, ಚೈನು ಹಿಡಿದು ಅದರ ಹಿಂದೆ ಎದುರುಮನೆಯವರು. ನೀರು ಹಾಕಿ ಗುಡಿಸಿ ರಂಗೋಲಿ ಬಿಡಿಸುವಷ್ಟರಲ್ಲಿ ಇನ್ನೊಂದು ನಾಲ್ಕು ಸಲ. ಏಳಕ್ಕೆ ಕಸದ ಆಟೋ, ಡಬ್ಬಿ ಹಿಡಿದು ಓಡಿಬಂದ ಅಕ್ಕಪಕ್ಕದವರೆಲ್ಲ. ಆಮೇಲೆ ಸೊಪ್ಪಿನ ಗಾಡಿ, ಸ್ಕೂಲ್ ವ್ಯಾನು. ಬೆಂಗಳೂರಿನ 30×40 ಸೈಟಿನ ಮನೆಯ ಗೇಟಿನ ಕಂಬಕ್ಕೆ ಬ್ಯಾಟರಿ ವಿಡಿಯೊ ಡೋರ್‌ಬೆಲ್ ಹಾಕಿಸಿದ ಮರುದಿನ ಆ್ಯಪ್ ತೆರೆದರೆ ಕಾಣುವುದು ಹೆಚ್ಚುಕಮ್ಮಿ ಇದೇ. ತಿಂಡಿ ಹೊತ್ತಿಗೆ ನಲವತ್ತು ಕ್ಲಿಪ್. ಬೆಲ್ ಒತ್ತಿದವರು ಒಬ್ಬರೂ ಇಲ್ಲ.

ಡಬ್ಬದ ಮೇಲೆ ‘ಒಮ್ಮೆ ಚಾರ್ಜ್ ಮಾಡಿದರೆ ಆರು ತಿಂಗಳು’ ಎಂದಿರುತ್ತದೆ. ಅದು ಸುಳ್ಳೇನಲ್ಲ. ದಿನಕ್ಕೆ ಇಷ್ಟು ಸಲ ಎಚ್ಚರವಾದರೆ ಮಾತ್ರ ಎಂಬ ಷರತ್ತು ಸಣ್ಣಕ್ಷರದಲ್ಲಿರುತ್ತದೆ, ಅಷ್ಟೇ. ಲೆಕ್ಕ ಕಷ್ಟದ್ದಲ್ಲ. 6,000 ಎಂಎಎಚ್, 3.6 ವೋಲ್ಟಿನ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 21.6 ವ್ಯಾಟ್-ಅವರ್. ಬೆಲ್ ಎಚ್ಚರವಿದ್ದು ರೆಕಾರ್ಡ್ ಮಾಡಿ ವೈ-ಫೈಯಲ್ಲಿ ಕಳಿಸುವಾಗ ಒಂದೂವರೆ ವ್ಯಾಟ್, ಮಲಗಿದ್ದಾಗ ಅದರ ಸಾವಿರದ ಒಂದು ಪಾಲು ಎಂದಿಟ್ಟುಕೊಳ್ಳಿ. 20 ಸೆಕೆಂಡಿನ ಹತ್ತು ಕ್ಲಿಪ್ ದಿನಕ್ಕಾದರೆ ಖರ್ಚು 0.12 ವ್ಯಾಟ್-ಅವರ್, ಬ್ಯಾಟರಿ 180 ದಿನ ಬರುತ್ತದೆ. ದಿನಕ್ಕೆ ನಲವತ್ತಾದರೆ 58 ದಿನ. ನೂರಾದರೆ 25 ದಿನವೂ ಇಲ್ಲ. ಆ್ಯಪ್ ತೆರೆದು ಹತ್ತು ನಿಮಿಷ ಲೈವ್ ನೋಡಿದರೆ ಮೂವತ್ತು ಕ್ಲಿಪ್ಪಿನಷ್ಟು ಖರ್ಚು. ಹೊಸ ಬೆಲ್ ಬಂದ ಮೊದಲ ವಾರ ಮನೆಮಂದಿಯೆಲ್ಲ ಮಾಡುವ ಕೆಲಸ ಇದೇ. ಆದ್ದರಿಂದ ಮೊದಲ ಚಾರ್ಜು ಬೇಗ ಮುಗಿಯಿತೆಂದು ವಾಪಸ್ ಕಳಿಸಲು ಹೊರಡಬೇಡಿ.

ಅಂದರೆ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ‘ಬ್ಯಾಟರಿ ಎಷ್ಟು ದೊಡ್ಡದು’ ಅನ್ನುವುದಕ್ಕಿಂತ ‘ಇದು ಯಾವಾಗ ಏಳುತ್ತದೆ, ಏಳಲು ಎಷ್ಟು ಹೊತ್ತು ಬೇಕು’ ಅನ್ನುವುದು. ವೈರಿನ ಕ್ಯಾಮೆರಾ ಸದಾ ಕಣ್ಣು ಬಿಟ್ಟುಕೊಂಡಿರುತ್ತದೆ. ಬ್ಯಾಟರಿ ಬೆಲ್ ಹಾಗಲ್ಲ. ಅದರ ಕ್ಯಾಮೆರಾ ಆಫ್ ಆಗಿರುತ್ತದೆ, ಎಚ್ಚರವಿರುವುದು ಪಿಐಆರ್ ಸೆನ್ಸರ್ ಒಂದೇ. ಲೆನ್ಸಿನ ಹತ್ತಿರ ಹಾಲುಬಣ್ಣದ ಪ್ಲಾಸ್ಟಿಕ್ ಕಿಟಕಿ ಕಾಣುತ್ತದಲ್ಲ, ಅದರ ಹಿಂದೆ. ಅದು ನೋಡುವುದು ಚಿತ್ರವನ್ನಲ್ಲ, ಶಾಖವನ್ನು; ಬಿಸಿಯಾದ ವಸ್ತು ಒಂದು ವಲಯದಿಂದ ಇನ್ನೊಂದು ವಲಯಕ್ಕೆ ದಾಟಿದರೆ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಏಳಲು ಒಂದರಿಂದ ಮೂರು ಸೆಕೆಂಡ್. ಕೊರಿಯರ್‌ನವರು ಪಾರ್ಸೆಲ್ ಇಟ್ಟು ತಿರುಗಲು ಅಷ್ಟೇ ಸಾಕು. ಅದಕ್ಕೇ ಎಷ್ಟೋ ಕ್ಲಿಪ್ಪುಗಳಲ್ಲಿ ಬರೀ ಬೆನ್ನು, ಬೆನ್ನಿಗೊಂದು ಚೀಲ.

ಪಿಐಆರ್‌ನ ಇನ್ನೊಂದು ಗುಣ ಗೊತ್ತಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಎದುರಿನಿಂದ ನೇರ ನಡೆದುಬರುವವರನ್ನು ಅದು ತಡವಾಗಿ ಗುರುತಿಸುತ್ತದೆ, ಅಡ್ಡ ಹಾಯುವವರನ್ನು ತಕ್ಷಣ ಗುರುತಿಸುತ್ತದೆ. ಗೇಟಿನ ಕಂಬದಲ್ಲಿ ರಸ್ತೆಗೆ ಮುಖಮಾಡಿ ಕೂರಿಸಿದರೆ ಆಗುವುದು ಅತಿ ಕೆಟ್ಟ ಸಂಯೋಗ. ರಸ್ತೆಯಲ್ಲಿ ಹೋಗುವ ಆಟೋ, ಬೈಕ್ ಎಲ್ಲ ಅಡ್ಡ ಹಾಯುತ್ತವೆ. ಮನೆಗೆ ಬರುವವರು ಮಾತ್ರ ನೇರ ಬರುತ್ತಾರೆ. ಅದೇ ಬೆಲ್ಲನ್ನು ಮುಖ್ಯ ಬಾಗಿಲ ಪಕ್ಕ ಹಾಕಿದರೆ ರಸ್ತೆ ಅದರ ಅಳತೆಯಾಚೆ ಉಳಿಯುತ್ತದೆ. ಗೇಟು ತೆರೆದು, ಪೋರ್ಟಿಕೊ ಬಳಸಿ, ಮೆಟ್ಟಿಲು ಹತ್ತುವವರು ಒಂದು ಹಂತದಲ್ಲಿ ಅಡ್ಡ ಹಾಯಲೇಬೇಕು. ಗೇಟಿಗೇ ಬೆಲ್ ಬೇಕು ಅನ್ನುವವರು ಜೊತೆಗೆ ಬರುವ ಓರೆ ಪಟ್ಟಿ ಹಾಕಿ ಮುಖವನ್ನು ಗೇಟಿನ ಕಡೆಗೆ ತಿರುಗಿಸಬೇಕು. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್ ಮಧ್ಯಾಹ್ನ ಗೋಡೆಯೂ ಮೈಯೂ ಒಂದೇ ಶಾಖಕ್ಕೆ ಬಂದಾಗ ಪಿಐಆರ್ ಮಂಕಾಗುತ್ತದೆ. ಅದು ರಿಪೇರಿಗೆ ಬರುವ ದೋಷವಲ್ಲ. ಅಂಥ ಊರಿಗೆ ಪಿಐಆರ್ ಜೊತೆ ರೇಡಾರ್ ಇರುವ ಮಾದರಿಗೆ ಕೊಟ್ಟ ದುಡ್ಡು ದಂಡವಲ್ಲ. ಗಾಜಿನ ಹಿಂದೆ ಇಟ್ಟರಂತೂ ಪಿಐಆರ್ ಪೂರ್ತಿ ಕುರುಡು. ಆ ಶಾಖ ಗಾಜು ದಾಟುವುದಿಲ್ಲ.

ಎತ್ತರದ ಬಗ್ಗೆ ಕೈಪಿಡಿಗಳು ನೆಲದಿಂದ ನಾಲ್ಕಡಿ ಎನ್ನುತ್ತವೆ. ಯಾವ ನೆಲ? ನಮ್ಮಲ್ಲಿ ಬಂದವರು ನಿಲ್ಲುವುದು ಹೊಸ್ತಿಲಿನಿಂದ ಒಂದೋ ಎರಡೋ ಮೆಟ್ಟಿಲು ಕೆಳಗೆ. ಮೆಟ್ಟಿಲಿಗೆ ಆರಿಂಚು ಅಂದರೂ ಒಂದಡಿ ವ್ಯತ್ಯಾಸ. ಅಳತೆ ತೆಗೆಯಬೇಕಾದ್ದು ಅವರ ಕಾಲಿರುವ ಜಾಗದಿಂದ. ಇಲ್ಲದಿದ್ದರೆ ನೆತ್ತಿ ಕಾಣುತ್ತದೆ, ಕೆಳಗಿಟ್ಟ ಪಾರ್ಸೆಲ್ ಕಾಣುವುದಿಲ್ಲ. ಇದೇ ಕಾರಣಕ್ಕೆ ಟಿವಿಯಂತೆ ಅಗಲವಾದ ಚಿತ್ರಕ್ಕಿಂತ ಚೌಕ ಅಥವಾ ಉದ್ದುದ್ದ ಚಿತ್ರ ಕೊಡುವ ಮಾದರಿ ಮೇಲು. ಚಿತ್ರದ ಸ್ಪಷ್ಟತೆ 2ಕೆಯೋ 3ಕೆಯೋ ಎಂಬ ಚರ್ಚೆಗಿಂತ ತಲೆಯಿಂದ ಪಾದದವರೆಗೆ ಕಾಣುತ್ತದೆಯೋ ಎಂಬುದು ಮುಖ್ಯ.

ವಾಸ್ತು ನೋಡಿ ಪೂರ್ವಕ್ಕೆ ಬಾಗಿಲಿಟ್ಟ ಮನೆಗಳಿಗೆ ಇನ್ನೊಂದು ಪೇಚು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಸೂರ್ಯ ಬಂದವರ ಬೆನ್ನ ಹಿಂದಿರುತ್ತಾನೆ. ಮುಖ ಕಪ್ಪಗೆ ಬರುತ್ತದೆ. ಬೆಳಕು-ಕತ್ತಲನ್ನು ಸರಿದೂಗಿಸುವ ಎಚ್‌ಡಿಆರ್ ಸೌಲಭ್ಯ ಸ್ವಲ್ಪ ಸರಿಮಾಡುತ್ತದೆ, ಪೂರ್ತಿ ಅಲ್ಲ. ಬಾಗಿಲಿನ ಎಡವೋ ಬಲವೋ, ಮೇಲೆ ಚಾಚಿದ ಸಜ್ಜಾದ ನೆರಳು ಬೀಳುವ ಕಡೆ ಆಯ್ದುಕೊಳ್ಳಿ. ರಾತ್ರಿ ಪಕ್ಕದ ಬಿಳಿ ಗೋಡೆ ಅಥವಾ ಕಂಬ ತೀರಾ ಹತ್ತಿರವಿದ್ದರೆ, ಕತ್ತಲಲ್ಲಿ ನೋಡಲು ಬೆಲ್ ಬಿಡುವ ಇನ್ಫ್ರಾರೆಡ್ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ಚಿತ್ರವೆಲ್ಲ ಮಸುಕಾಗುತ್ತದೆ. ಬಾಗಿಲ ಮೇಲಿನ 5 ವ್ಯಾಟ್ ಎಲ್‌ಇಡಿ ಉರಿಯುತ್ತಿದ್ದರೆ ಹೆಚ್ಚಿನವುಗಳಿಗೆ ಇನ್ಫ್ರಾರೆಡ್ಡೇ ಬೇಕಾಗುವುದಿಲ್ಲ. ಬ್ಯಾಟರಿಯೂ ಉಳಿಯುತ್ತದೆ, ಅಂಗಿಯ ಬಣ್ಣವೂ ತಿಳಿಯುತ್ತದೆ.

ಅಮೆರಿಕದಿಂದ ಮಗಳೋ ಅಳಿಯನೋ ತಂದುಕೊಟ್ಟ ಬೆಲ್ಲಿನ ವಿಷಯ ಬೇರೆ, ಮತ್ತು ಇಲ್ಲಿ ಆಗುವ ತಪ್ಪು ಅಪಾಯದ್ದು. ಅಲ್ಲಿಯ ಮನೆಗಳಲ್ಲಿ ಬೆಲ್ಲಿಗೆ ಟ್ರಾನ್ಸ್‌ಫಾರ್ಮರ್ ಇದ್ದು 16ರಿಂದ 24 ವೋಲ್ಟ್ ಎಸಿ ಬರುತ್ತದೆ. ಬ್ಯಾಟರಿ ಬೆಲ್ಲಿನ ಹಿಂದೆ ಇರುವ ಎರಡು ಸ್ಕ್ರೂ ಅದಕ್ಕಾಗಿ. ನಮ್ಮ ಹಳೆ ಬೆಲ್ಲಿನ ಸ್ವಿಚ್ಚಿಗೆ ಬರುವುದು ನೇರ 230 ವೋಲ್ಟ್. ‘ಹೇಗೂ ವೈರ್ ಇದೆಯಲ್ಲ’ ಎಂದು ಆ ಎರಡು ತುದಿಯನ್ನು ಹಿಂದಕ್ಕೆ ಸಿಕ್ಕಿಸಿದರೆ ಬೆಲ್ ಸುಡುತ್ತದೆ, ಒತ್ತುವವರಿಗೆ ಶಾಕ್ ಹೊಡೆಯುವ ಸಾಧ್ಯತೆಯೂ ಇದೆ. ಎಲೆಕ್ಟ್ರಿಷಿಯನ್‌ಗೆ ಇದನ್ನು ಮೊದಲೇ ಹೇಳಿ. ಅಲ್ಲಿಯ ಕೆಲವು ಬೆಲ್‌ಗಳು ಮನೆಯೊಳಗಿಡುವ ಹಬ್ ಎಂಬ ಡಬ್ಬಿಯೊಂದಿಗೆ 902–928 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತವೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 865–868. ವಾರಂಟಿಯೂ ಇಲ್ಲಿಗೆ ಬರುವುದು ಅಪರೂಪ. ಇಲ್ಲಿಯೇ ಕೊಂಡರೆ ವಾಸಿ.

ಗೋಡೆಗೆ ಡ್ರಿಲ್ ಇಡುವ ಮುಂಚೆ ಮಾಡಬೇಕಾದ ಕೆಲಸವೇ ಹೆಚ್ಚು. ಮೊದಲು ಪೂರ್ತಿ ಚಾರ್ಜ್, ಖಾಲಿಯಿಂದ ಐದಾರು ಗಂಟೆಯಾದರೂ ಬೇಕು. ರೂಟರ್ ಪಕ್ಕದಲ್ಲೇ ಕೂತು ಆ್ಯಪ್‌ಗೆ ಸೇರಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಅಲ್ಲೇ ಮುಗಿಸಿ. ಸೇರಿಸುವಾಗಲೇ ಕೈಕೊಟ್ಟರೆ ಕಾರಣ ಬಹುಪಾಲು ಒಂದೇ: ಬೆಲ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ಬರುತ್ತದೆ, ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟು ಫೋನನ್ನು 5ಕ್ಕೆ ಕಳಿಸಿರುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡನ್ನೂ ಬೇರೆ ಹೆಸರಿಗೆ ಒಡೆದು, ವೈ-ಫೈ ಪಾಸ್‌ವರ್ಡಿನ ಭದ್ರತೆಯನ್ನು ಡಬ್ಲ್ಯುಪಿಎ2 ಎಂಬ ಆಯ್ಕೆಗೆ ಇಟ್ಟು ಮತ್ತೆ ಪ್ರಯತ್ನಿಸಿ. ಆಮೇಲೆ ಬೆಲ್ಲನ್ನು ಕೂರಿಸಬೇಕಾದ ಜಾಗಕ್ಕೆ ಒಯ್ದು, ಮರದ ಬಾಗಿಲು, ಕಬ್ಬಿಣದ ಸೇಫ್ಟಿ ಡೋರ್ ಎರಡನ್ನೂ ಮುಚ್ಚಿ ಸಿಗ್ನಲ್ ನೋಡಿ. ಅದರ ಬಲವನ್ನು ಹೇಳುವುದು ಡಿಬಿಎಂನಲ್ಲಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 60 ಆಸುಪಾಸು ಬಂದರೆ ನಿಶ್ಚಿಂತೆ. ಮೈನಸ್ 70 ದಾಟಿದರೆ ಇವತ್ತು ಕೆಲಸ ಮಾಡಿದರೂ ಮಳೆಗಾಲದ ಒಂದು ದಿನ ಕೈಕೊಡುತ್ತದೆ. ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಾ ಬ್ಯಾಟರಿಯನ್ನೂ ತಿನ್ನುತ್ತದೆ. ಟಿವಿ ಹಿಂದೆ ಅಡಗಿರುವ ರೂಟರನ್ನು ಬಾಗಿಲ ಕಡೆಯ ಗೋಡೆಗೆ ತರುವುದು ರಿಪೀಟರ್ ಕೊಳ್ಳುವುದಕ್ಕಿಂತ ಒಳ್ಳೆಯದು.

ಸಿಗ್ನಲ್ ಸರಿಯಿದ್ದರೆ ಮಾತ್ರ ಪೆನ್ಸಿಲ್ ಗುರುತು. ಹಳೆ ಸ್ವಿಚ್ಚಿನ ನೇರ ಮೇಲೆ, ನೇರ ಕೆಳಗೆ ತೂತು ಬೇಡ, ಪೈಪು ಅಲ್ಲೇ ಹೋಗಿರುತ್ತದೆ; ಆದರೂ ಎಂಸಿಬಿ ಆರಿಸಿಯೇ ಕೆಲಸ ಶುರುಮಾಡಿ. ಇಟ್ಟಿಗೆ ಗೋಡೆಗೆ 6 ಮಿಲಿಮೀಟರ್ ಬಿಟ್, ಪ್ಲಗ್ಗಿನ ಉದ್ದಕ್ಕಿಂತ ಚೂರು ಹೆಚ್ಚು ಆಳ. ಗ್ರಾನೈಟ್ ಅಥವಾ ಟೈಲ್ಸ್ ಅಂಟಿಸಿದ ಗೋಡೆಯಾದರೆ ಹ್ಯಾಮರ್ ಆಫ್ ಮಾಡಿ, ಮೇಲೊಂದು ಚೂರು ಟೇಪ್ ಅಂಟಿಸಿ, ಟೈಲ್ಸ್ ಬಿಟ್ಟಿನಲ್ಲಿ ಮೆಲ್ಲಗೆ ಶುರುಮಾಡಬೇಕು; ಹ್ಯಾಮರ್ ಹಾಕಿದರೆ ಕಲ್ಲು ಸೀಳುತ್ತದೆ. ಮಳೆ ಬಡಿಯುವ ಜಾಗದಲ್ಲಿ ಸಿಲಿಕೋನ್ ಮೂರು ಕಡೆಗೆ ಮಾತ್ರ, ಕೆಳಗೆ ಬೇಡ. ಒಳಗೆ ಸೇರಿದ ನೀರು ಇಳಿದುಹೋಗಲು ದಾರಿ ಬೇಕು. ಕರಾವಳಿ, ಮಲೆನಾಡಿನಲ್ಲಿ ದೂಳು, ನೀರು ತಡೆಯುವ ಗುರುತಾದ ಐಪಿ65 ಎಂದು ಬರೆದಿದ್ದರೂ ಮೇಲೊಂದು ಸಣ್ಣ ತಗಡಿನ ಮಾಡು ಇರಲಿ. ಬೆಲ್ ಬಿಚ್ಚುವ ಪಿನ್ನನ್ನೋ ಸ್ಕ್ರೂಡ್ರೈವರನ್ನೋ ಮೀಟರ್ ಬೋರ್ಡಿನ ಒಳಗಡೆ ಟೇಪ್ ಹಾಕಿ ಅಂಟಿಸಿಡಿ. ಮುಂದಿನ ಚಾರ್ಜಿನ ಹೊತ್ತಿಗೆ ಮನೆಯಲ್ಲಿ ಸಿಗದೇ ಹೋಗುವ ಏಕೈಕ ವಸ್ತು ಅದು.

ಇಷ್ಟಾದ ಮೇಲೆ ಒಂದು ಪರೀಕ್ಷೆ: ರೂಟರ್ ಆಫ್ ಮಾಡಿ ಬೆಲ್ ಒತ್ತಿ. ಮನೆಯೊಳಗೆ ಸದ್ದು ಮಾಡುವ ಡಬ್ಬಿ, ಅಂದರೆ ಚೈಮ್, ಬೆಲ್‌ನೊಂದಿಗೆ ನೇರ ರೇಡಿಯೊದಲ್ಲಿ ಮಾತಾಡುವಂಥದ್ದಾಗಿ, ಅದಕ್ಕೆ ಕರೆಂಟೂ ಇದ್ದರೆ ಸದ್ದಾಗುತ್ತದೆ. ವೈ-ಫೈ ಮೂಲಕ ಮಾತಾಡುವಂಥದ್ದಾದರೆ ಮೌನ. ಕರೆಂಟು ಹೋದಾಗ ನಿಮ್ಮ ಮನೆಯ ಸ್ಥಿತಿ ಇದೇ. ರೂಟರಿಗೂ ಫೈಬರ್ ಡಬ್ಬಿಗೂ ಒಂದು 12 ವೋಲ್ಟಿನ ಮಿನಿ ಯುಪಿಎಸ್, ಚೈಮ್‌ಗೆ ಇನ್ವರ್ಟರ್ ಲೈನಿನ ಪ್ಲಗ್ ಕೊಟ್ಟರೆ ಸಮಸ್ಯೆ ತೀರುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಚೈಮ್ ಇಲ್ಲದ ಮಾದರಿಯ ಮುಖ ನೋಡಲೇಬೇಡಿ. ಮಿಕ್ಸಿ ಓಡುತ್ತಿರುವಾಗ ಫೋನಿನ ನೋಟಿಫಿಕೇಶನ್ ಯಾರಿಗೆ ಕೇಳುತ್ತದೆ?

ಫೋನಿಗೆ ಸೂಚನೆ ತಡವಾಗಿ ಬರುವುದಕ್ಕೆ ಬೈಗುಳವೆಲ್ಲ ಬೆಲ್ಲಿಗೆ. ತಪ್ಪು ಎಷ್ಟೋ ಸಲ ಆಂಡ್ರಾಯ್ಡ್ ಫೋನಿನದು. ಬ್ಯಾಟರಿ ಉಳಿಸಲು ಅದು ಆ್ಯಪನ್ನೇ ಮಲಗಿಸುತ್ತದೆ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆದು, ಆಟೋಸ್ಟಾರ್ಟ್ ಇದ್ದರೆ ಆನ್ ಮಾಡಿ. ಬೆಲ್ಲಿನ ಕಡೆ, ಚಲನೆಯ ವಲಯದಿಂದ ರಸ್ತೆಯನ್ನು ತೆಗೆಯಿರಿ, ಸೂಕ್ಷ್ಮತೆಯನ್ನು ಮಧ್ಯಕ್ಕೆ ಇಳಿಸಿ, ಒಂದು ಕ್ಲಿಪ್ ಆದ ಮೇಲೆ ಒಂದು ನಿಮಿಷದ ಬಿಡುವು ಕೊಡಿ. ‘ಮನುಷ್ಯರಾದರೆ ಮಾತ್ರ’ ಎಂಬ ಆಯ್ಕೆ ಸೂಚನೆಯನ್ನು ಕಡಿಮೆ ಮಾಡುತ್ತದೆ, ಖರ್ಚನ್ನು ಅಷ್ಟಾಗಿ ಅಲ್ಲ: ನಾಯಿಯೋ ಮನುಷ್ಯನೋ ಎಂದು ನೋಡಲು ಕ್ಯಾಮೆರಾ ಏಳಲೇಬೇಕಲ್ಲ. ಸೂಚನೆ ಹೋಗುವ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾದ ಮಗನಿದ್ದರೆ ಅವನ ಫೋನಿಗೆ ಬೆಲ್ ಒತ್ತಿದಾಗ ಮಾತ್ರ ಹೋಗಲಿ. ನಮ್ಮ ಮಧ್ಯಾಹ್ನ ಎರಡರ ಕೊರಿಯರ್ ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂದೂವರೆ. ಅವಸರದ ಉತ್ತರಗಳನ್ನು ಧ್ವನಿಮುದ್ರಿಸಲು ಆ್ಯಪ್ ಬಿಟ್ಟರೆ ‘ಬಾಗಿಲ ಹತ್ರ ಇಟ್ಟು ಹೋಗಿ, ಓಟಿಪಿ ಮೆಸೇಜ್ ಮಾಡ್ತೀವಿ’ ಎಂದು ನಿಮ್ಮ ದನಿಯಲ್ಲೇ ಹಾಕಿಡಿ. ಕಂಪನಿಯ ಇಂಗ್ಲಿಷ್ ಧ್ವನಿಗೆ ಯಾರೂ ನಿಲ್ಲುವುದಿಲ್ಲ.

ಚಾರ್ಜು 20 ಶೇಕಡಕ್ಕೆ ಇಳಿದಾಗಲೇ ತೆಗೆಯಿರಿ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಕೊನೆಯಲ್ಲಿ ಧಡಾರನೆ ಬೀಳುತ್ತದೆ. ರಾತ್ರಿ ಶೇಕಡ 10 ತೋರಿಸಿದ್ದು ಬೆಳಗ್ಗೆ ಸತ್ತಿರಬಹುದು. ಬ್ಯಾಟರಿ ಬೇರೆಯಾಗಿ ಬಿಚ್ಚಲು ಬರುವ ಮಾದರಿಗೆ ಇನ್ನೊಂದು ಪ್ಯಾಕ್ ಕೊಂಡಿಟ್ಟರೆ ಬಾಗಿಲು ಬೆಲ್ ಇಲ್ಲದೆ ಇರುವುದು ಅರ್ಧ ನಿಮಿಷ. ಒಳಗೇ ಕೂತ ಬ್ಯಾಟರಿಯಾದರೆ ಇಡೀ ಬೆಲ್ಲೇ ಚಾರ್ಜಿಗೆ ಹೋಗಬೇಕು, ಎರಡು ಮೂರು ವರ್ಷದಲ್ಲಿ ಬ್ಯಾಟರಿ ಸೊರಗಿದರೆ ಇಡೀ ಬೆಲ್ಲೇ ಕಸಕ್ಕೆ. ಪಶ್ಚಿಮದ ಬಿಸಿಲಿಗೆ ಕಪ್ಪು ಬೆಲ್ ಬೇಡ. 45 ಡಿಗ್ರಿ ದಾಟಿದರೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬಾರದು, ಆದ್ದರಿಂದ ಸೋಲಾರ್ ಪಟ್ಟಿ ಹಾಕಿದ್ದರೂ ಸುಡುಬಿಸಿಲಿನಲ್ಲಿ ಬೆಲ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ.

ಕೈಪಿಡಿಯಲ್ಲಿ ಇಲ್ಲದ್ದು ಹಬ್ಬ. ಯುಗಾದಿಯ ಮಾವಿನ ತೋರಣ ಲೆನ್ಸಿನ ಮುಂದೆ ಜೋತುಬಿದ್ದರೆ ಬಾಗಿಲು ಕಾಣುವುದಿಲ್ಲ, ಬಿಸಿಲಿಗೆ ಕಾದ ಎಲೆ ಗಾಳಿಗೆ ಆಡಿದರೆ ಪಿಐಆರ್‌ಗೂ ಎಚ್ಚರ. ಆಯುಧ ಪೂಜೆಯಲ್ಲಿ ಸ್ಕೂಟರ್, ಕುಕ್ಕರ್ ಜೊತೆ ಬೆಲ್ಲಿಗೂ ಅರಿಶಿನ ಕುಂಕುಮ ಆಗುತ್ತದೆ, ಅದು ಸರಿಯೇ. ಬೊಟ್ಟು ಬೆಲ್ಲಿನ ಅಂಚಿಗೆ ಇರಲಿ, ಲೆನ್ಸಿಗೆ ಬೇಡ. ಒರೆಸಲು ಒಣಗಿದ ಮೆತ್ತನೆ ಬಟ್ಟೆ ಸಾಕು. ಜೇಡರಬಲೆಗೂ ಅದೇ.

ಅಪಾರ್ಟ್‌ಮೆಂಟಿನವರು ಎದುರು ಬಾಗಿಲನ್ನು ಮರೆಯಬಾರದು. ಕಾರಿಡಾರಿನಾಚೆಯ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದೆಲ್ಲ ನಿಮ್ಮ ಫೋನಿನಲ್ಲಿ ಕೂರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯ ಸ್ವಂತ ಬಳಕೆಯನ್ನು ಹೊರಗಿಟ್ಟಿದೆ. ಹಾಗೆಂದು ನೆರೆಮನೆಯವರ ಸಿಟ್ಟಿಗೆ ವಿನಾಯಿತಿ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ 2021ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನ ಮುಂದೆ ಇಂಥದೇ ಜಗಳ ಬಂದಾಗ, ಚಿತ್ರಕ್ಕಿಂತ ದೂರದ ಮಾತನ್ನು ಹಿಡಿಯುವ ಧ್ವನಿ ಮುದ್ರಣವೇ ಹೆಚ್ಚು ತೊಂದರೆಯದ್ದು ಎಂದು ನ್ಯಾಯಾಧೀಶರು ಹೇಳಿದ್ದರು. ಎದುರು ಬಾಗಿಲನ್ನು ಪ್ರೈವೆಸಿ ಜೋನ್ ಹಾಕಿ ಮುಚ್ಚಿ, ಧ್ವನಿ ಮುದ್ರಣ ಆಫ್ ಮಾಡಿ, ಅವರನ್ನು ಕರೆದು ಒಮ್ಮೆ ತೋರಿಸಿಬಿಡಿ.

ರೆಕಾರ್ಡಿಂಗ್ ಒಳಗಿನ ಹಬ್ಬಿನ ಕಾರ್ಡಿನಲ್ಲಿ ಉಳಿಯುವ ಮಾದರಿಗೆ ತಿಂಗಳ ಬಾಡಿಗೆಯಿಲ್ಲ, ಬೆಲ್ಲನ್ನೇ ಕಿತ್ತುಕೊಂಡು ಹೋದರೂ ಕಿತ್ತವರ ಮುಖ ಮನೆಯೊಳಗೇ ಇರುತ್ತದೆ. ಮನೆಯವರಿಗೆಲ್ಲ ಒಂದೇ ಪಾಸ್‌ವರ್ಡ್ ಹಂಚುವ ಬದಲು ಆ್ಯಪ್‌ನ ಶೇರ್ ಆಯ್ಕೆ ಬಳಸಿ, ಎರಡು ಹಂತದ ಲಾಗಿನ್ ಹಾಕಿ. ಬಾಡಿಗೆ ಮನೆ ಖಾಲಿ ಮಾಡುವಾಗಲೋ ಬೆಲ್ ಮಾರುವಾಗಲೋ ಮೊದಲು ಆ್ಯಪ್‌ನಿಂದ ಅದನ್ನು ತೆಗೆದುಹಾಕಿ, ಆಮೇಲೆ ರಿಸೆಟ್ ಮಾಡಿ. ಬರೀ ರಿಸೆಟ್ ಮಾಡಿ ಕೊಟ್ಟರೆ ಅನೇಕ ಮಾದರಿಗಳು ಹಳೆಯ ಖಾತೆಗೇ ಅಂಟಿಕೊಂಡಿರುತ್ತವೆ. ಕೊಂಡವರು ಅದನ್ನು ತಮ್ಮ ಫೋನಿಗೆ ಸೇರಿಸಲಾಗದೆ ನಿಮಗೇ ಫೋನ್ ಮಾಡುತ್ತಾರೆ.