200 ಓಕೆ ಅನ್ನುವ ರಮ್ಮಿ ಸೈಟುಗಳು

ಪಟ್ಟಿಯ ಲಿಂಕುಗಳು ಇನ್ನೂ ಬದುಕಿವೆಯಾ ಅಂತ ತಾನಾಗಿಯೇ ನೋಡುವ ನಮ್ಮ ಲಿಂಕ್ ಚೆಕರ್‌ಗೆ ಕೊನೆಗೂ ಬುದ್ಧಿ ಬಂತು. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಆಟಗಳ ಪಟ್ಟಿಯನ್ನು ಯಾಮಲ್ ಅನ್ನುವ ಪಠ್ಯ ಕಡತದಲ್ಲಿ ಸಾಕುತ್ತಿರುವವರಿಗೆ ಸ್ಕೀಮಾ (ಕಡತದ ಅಚ್ಚು), ಸಿಐ (ತಾನೇ ನಡೆಯುವ ತಪಾಸಣೆ) ಎಲ್ಲ ಮತ್ತೆ ಹೇಳಬೇಕಿಲ್ಲ. ಒಂದೇ ಒಂದು ಗೊಣಗಾಟ: 2048 ಆಟದ ಹೆಸರಿಗೆ ಕೋಟ್ (ಉದ್ಧರಣ ಚಿಹ್ನೆ) ಹಾಕಿ ಮಾರಾಯ್ರೆ! ಹಾಕದಿದ್ದರೆ ಯಾಮಲ್ ಅದನ್ನು ಸಂಖ್ಯೆ ಅಂದುಕೊಳ್ಳುತ್ತೆ. ಹೆಸರುಗಳ ನಡುವೆ ಸಂಖ್ಯೆ ಕಂಡ ಪೈಥಾನ್ ಸಾರ್ಟ್ ಮಾಡಲ್ಲ ಅಂತ ಮುಷ್ಕರ ಕೂರುತ್ತೆ.

ಸತ್ತ ಲಿಂಕುಗಳಿಂದ ನನಗೇನೂ ತೊಂದರೆ ಇಲ್ಲ. ಕೋಡ್ ಇಡುವ ತಾಣಗಳಲ್ಲಿ ಗಿಟೋರಿಯಸ್ 2015ರಲ್ಲಿ ಮುಚ್ಚಿತು, ಗೂಗಲ್ ಕೋಡ್ 2016ರಲ್ಲಿ. 2020ರಲ್ಲಿ ಬಿಟ್‌ಬಕೆಟ್ ಮರ್ಕ್ಯುರಿಯಲ್ ಬಗೆಯ ರೆಪೊಗಳನ್ನೇ (ಕೋಡಿನ ಉಗ್ರಾಣಗಳನ್ನೇ) ಅಳಿಸಿ ಹಾಕಿತು. ಅಂಥವು 404 (ಪುಟ ಇಲ್ಲ) ಅಂತಲೋ, ಆರ್ಕೈವ್ ಕಡೆ ಕೈ ತೋರಿಸಿಯೋ ಮರ್ಯಾದೆಯಿಂದ ಹೋಗುತ್ತವೆ. ಕಾಡುವುದು ಸತ್ತ ಮೇಲೂ ಮಾತಾಡುವ ಲಿಂಕುಗಳು. ಆಟ ಬರೆದವರು ಬೇಸತ್ತು ಡೊಮೇನಿಗೆ (ಸೈಟಿನ ವಿಳಾಸಕ್ಕೆ) ದುಡ್ಡು ಕಟ್ಟುವುದನ್ನು ಬಿಡುತ್ತಾರೆ. ಹರಾಜಿಗೆ ಕಾದು ಕೂತ ಯಾರೋ ಕೊಳ್ಳುತ್ತಾರೆ, ಅಲ್ಲಿ ರಮ್ಮಿ ಅಂಗಡಿ ತೆರೆಯುತ್ತಾರೆ. ಚೆಕರ್ ಹೋಗಿ ಬಾಗಿಲು ತಟ್ಟಿದರೆ ಹೊಸ ಬಾಡಿಗೆದಾರ ‘ಹೂಂ, ಮನೇಲಿದ್ದೀವಿ’ ಅಂತಾನೆ. 200 ಓಕೆ, ಅಂದರೆ ಪುಟ ಸಿಕ್ಕಿತು ಅಂತ ಸೈಟಿನ ಉತ್ತರ. ಹಸಿರು ಟಿಕ್.

ಜೂಜಿನ ಪದಗಳ ಪಟ್ಟಿ ಮಾಡಿ ಹಿಡಿಯೋಣ ಅಂದರೆ ಮೊದಲು ಬಲೆಗೆ ಬಿದ್ದದ್ದು ಪೋಕರ್‌ಟಿಎಚ್! ಪಾಪ, ಅದು ಅಪ್ಪಟ ಓಪನ್ ಸೋರ್ಸ್ ಪೋಕರ್ ಆಟ. ಅದರ ಪುಟದಲ್ಲಿ ಪೋಕರ್ ಅಂತ ಇರದೆ ಇನ್ನೇನಿರುತ್ತೆ?

ಪುಟದಲ್ಲಿ ಆಟದ ಹೆಸರಿದೆಯಾ ಅಂತ ನೋಡುವ ಉಪಾಯ ಎರಡೂ ಕಡೆ ಕೈಕೊಟ್ಟಿತು. ಮೈನ್‌ಟೆಸ್ಟ್ ಅನ್ನುವ ಆಟದ ಯೋಜನೆಯ ಹೆಸರು 2024ರ ಅಕ್ಟೋಬರ್‌ನಲ್ಲಿ ಲುವಾಂಟಿ ಆಯಿತಲ್ಲ, ಗಟ್ಟಿಮುಟ್ಟಾಗಿರುವ ಆ ಯೋಜನೆಗೆ ಚೆಕರ್ ತಿಥಿ ಮಾಡಲು ಹೊರಟಿತು. ಇತ್ತ ಡೊಮೇನ್ ಹಿಡಿದು ಕೂತವರು ಹಳೆಯ ಪುಟವನ್ನೇ ಯಥಾವತ್ ಎತ್ತಿ ಹಾಕಿರುತ್ತಾರೆ. ಒಂದು ಟ್ಯಾಂಕ್ ಆಟದ ಪುಟವನ್ನಂತೂ ನಾನೇ ನಂಬಿಬಿಡುತ್ತಿದ್ದೆ. ಮೇಲೆ ಅದೇ ಮಾಸಲು ಹಸಿರು ಬ್ಯಾನರ್, ಕೆಳಗೆ ‘ಹೊಸ ಆವೃತ್ತಿ ಬಂದಿದೆ’ ಅನ್ನುವ ಹಳೇ ಸುದ್ದಿ, ಲಿನಕ್ಸ್‌ನಲ್ಲಿ ಕಂಪೈಲ್ ಮಾಡುವ ವಿಧಾನ, ಆ ವಿಧಾನದ ನಡುವೆ ‘ಮೊದಲ ಠೇವಣಿಗೆ ಬೋನಸ್’ ಅಂತ ಒಂದು ವಾಕ್ಯ. ಮೇಕ್ ಇನ್‌ಸ್ಟಾಲ್ ಅನ್ನುವ ಕೊನೆಯ ಆದೇಶ ಆದಮೇಲೆ ಬೋನಸ್, ಯಾರಿಗುಂಟು ಯಾರಿಗಿಲ್ಲ.

ದಾರಿ ಸಿಕ್ಕಿದ್ದು ಪ್ರಶ್ನೆಯನ್ನು ತಿರುವಿ ಹಾಕಿದಾಗ. ‘ನೀನು ಯಾರು’ ಅಂತ ಸೈಟನ್ನು ಕೇಳಿದರೆ ಅದು ಸುಳ್ಳು ಹೇಳುತ್ತೆ. ‘ನಿನ್ನ ಮನೆ ಎಲ್ಲಿ’ ಅಂತ ರೆಪೊವನ್ನು ಕೇಳಬೇಕು. ಡೊಮೇನ್ ಕೊಂಡವನ ಕೈ ರೆಪೊವರೆಗೆ ಹೋಗಲ್ಲ. ಇತ್ತೀಚೆಗೆ ಕಮಿಟ್ (ಕೋಡಿನ ಬದಲಾವಣೆ) ಬಿದ್ದಿರುವ ರೆಪೊ ಹೇಳುವ ವಿಳಾಸಕ್ಕೂ ನಮ್ಮ ಪಟ್ಟಿಯ ವಿಳಾಸಕ್ಕೂ ತಾಳೆ ಆಗದಿದ್ದರೆ ಅಲ್ಲಿಗೆ ಕೆಂಪು ಬಾವುಟ. ಲುವಾಂಟಿ ಸಮಸ್ಯೆಯೂ ಇದರಲ್ಲೇ ಬಗೆಹರಿಯಿತು.

ಪಾಳುಬಿದ್ದ ರೆಪೊಗಳ ಮಾತು ಬೇರೆ, ಅವು ಕಳೆದುಹೋದ ಡೊಮೇನನ್ನೇ ಇನ್ನೂ ಜಪಿಸುತ್ತಿರುತ್ತವೆ. ಅಂಥವಕ್ಕೆ ಹಳೆಯ ವೆಬ್ ಪುಟಗಳ ಪ್ರತಿ ಕೂಡಿಡುವ ವೇಬ್ಯಾಕ್ ಮಷೀನ್‌ನ ಎಪಿಐ (ಪ್ರೋಗ್ರಾಮುಗಳು ಮಾಹಿತಿ ಕೇಳುವ ಕಿಟಕಿ). ದಿನಾಂಕ ಕೊಡದೆ ಕೇಳಿದರೆ ಅದು ಇತ್ತೀಚಿನ ಪ್ರತಿ ತಂದುಕೊಡುತ್ತೆ, ಅಂದರೆ ರಮ್ಮಿಯದ್ದೇ! ಹಾಗಾಗಿ ಕೊನೆಯ ಬಿಡುಗಡೆಯ ದಿನಾಂಕ ಕೊಟ್ಟು ಆ ಕಾಲದ ಪ್ರತಿ ತರಿಸಿ, ಅದರ ಹೊರಲಿಂಕುಗಳನ್ನು ಈಗಿನ ಪುಟದ ಹೊರಲಿಂಕುಗಳ ಜೊತೆ ಹೋಲಿಸುತ್ತೇನೆ. ಮಾತು ನಕಲು ಮಾಡಬಹುದು, ಆದರೆ ವ್ಯಾಪಾರ ಆಗಬೇಕಾದರೆ ಒಂದಾದರೂ ಹೊಸ ಲಿಂಕ್ ತುರುಕಲೇಬೇಕು. ಟ್ಯಾಂಕ್ ಆಟ ಸಿಕ್ಕಿಬಿದ್ದದ್ದು ಹೀಗೇ. ಪಟ್ಟಿಯಲ್ಲಿ ಈಗ ಅದರ ಆರ್ಕೈವ್ ಪ್ರತಿಯ ಲಿಂಕ್ ಇದೆ.

ಗೂಗಲ್ ಕೋಡ್ ಆರ್ಕೈವ್ ಪುಟಗಳು ಮಾತ್ರ ಇನ್ನೂ ಸತಾಯಿಸುತ್ತಿವೆ. ಜಾವಾಸ್ಕ್ರಿಪ್ಟ್ ಓಡದೆ ಅಲ್ಲಿ ಏನೂ ಕಾಣಲ್ಲ, ಚೆಕರ್‌ಗೆ ಖಾಲಿ ಡಬ್ಬ ಸಿಗುತ್ತೆ. ಇಷ್ಟಕ್ಕೋಸ್ಕರ ಪರದೆ ಇಲ್ಲದೆ ಓಡುವ ಹೆಡ್‌ಲೆಸ್ ಬ್ರೌಸರ್ ಸಾಕುವ ಶಕ್ತಿ ನನಗಿಲ್ಲ. ಕೈಯಾರೆ ವಿನಾಯಿತಿ ಕೊಟ್ಟಿದ್ದೇನೆ.

ಈ ನಡುವೆ ತಲೆಗೆ ಹೊಕ್ಕಿದ್ದು ಅಳಗುಳಿಮಣೆ. ಆಟ ಕಟ್ಟುವ ಸಾಧನ ಗೋಡೊ 4ರಲ್ಲಿ ಬರೆಯೋಣ ಅಂತ. ಗೋಡೊ 3ರಲ್ಲಿ ಕನ್ನಡ ಬರೆದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿತ್ತು, 4ರಲ್ಲಿ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಝ್ ಒಳಗೇ ಬಂದಿದೆ. ಕಷ್ಟ ಇರುವುದು ನಿಯಮಗಳಲ್ಲಿ, ಮನೆಗೊಂದು ಥರ. ಖಾಲಿ ಗುಳಿ ಸಿಕ್ಕ ಮೇಲೆ ಮುಂದಿನ ಗುಳಿಯ ಕಾಯಿ ಮಾತ್ರ ತಗೊಳ್ಳೋದಾ, ಎದುರಿನದ್ದೂ ಸೇರಿಸಿಯಾ? ನಿಮ್ಮನೇಲಿ ಹೇಗೆ ಆಡುತ್ತಿದ್ದರು ಹೇಳಿ. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಇಡ್ತೀನಿ.