ಗ್ಲೆನ್‌ಶೀಯ ಮೂರು ಬೆಟ್ಟ

ಹಿಮದ ಉಂಡೆ ಮಾಡಿ ಮುಂದಕ್ಕೆ ಎಸೆಯುವುದು. ಬಿದ್ದದ್ದು ಕಂಡರೆ ಅಲ್ಲಿ ನೆಲವಿದೆ. ಕಾಣದೆ ಮಾಯವಾದರೆ ಕಾಲಿಡಬಾರದು. ಜನವರಿ ಕೊನೆಯ ಆ ಮಧ್ಯಾಹ್ನ ಸುಮಾರು ಒಂದು ಗಂಟೆ ನಾವಿಬ್ಬರೂ ಹೀಗೇ ನಡೆದೆವು.

ಬೆಳಿಗ್ಗೆ ಹಾಗಿರಲಿಲ್ಲ. ಸ್ಕಾಟ್ಲೆಂಡಿನ ಡಂಡಿ ನಗರದಲ್ಲಿ ನೆಲೆಸಿರುವ ತೀರ್ಥಹಳ್ಳಿ ಕಡೆಯ ಹಿರಿಯ ಗೆಳೆಯರೊಬ್ಬರನ್ನು ನಾನು ಅಣ್ಣ ಅಂತಲೇ ಕರೆಯೋದು. ಅವರ ಜೊತೆ ಬ್ಲೇರ್‌ಗೌರಿ ದಾಟಿ ಬಂದಾಗ ಆಕಾಶ ತಿಳಿಯಾಗಿತ್ತು. ಗ್ಲೆನ್‌ಶೀಯ ಸ್ಕೀ ಕೇಂದ್ರದ ಹತ್ತಿರ ರಸ್ತೆಯೇ 670 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಚಳಿಗಾಲದ ಚಿಕ್ಕ ಹಗಲಿನಲ್ಲೂ ಇಲ್ಲಿ ಮೂರು ಮನ್ರೋ ಹತ್ತಿ ಇಳಿಯಬಹುದು. 3000 ಅಡಿ ದಾಟಿದ ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಮನ್ರೋ ಅಂತ ಹೆಸರು. 1891ರಲ್ಲಿ ಸರ್ ಹ್ಯೂ ಮನ್ರೋ ಪಟ್ಟಿ ಮಾಡಿದ್ದು. ಈಗ ಅದರಲ್ಲಿ 282 ಇವೆ.

ಮುಳ್ಳಯ್ಯನಗಿರಿಯ ಸುಮಾರು ಅರ್ಧದಷ್ಟೇ ಎತ್ತರದ ಬೆಟ್ಟಗಳು, ಏನು ಮಹಾ ಅಂತ ನನ್ನ ಮನಸ್ಸಿನಲ್ಲಿತ್ತು. ಬೇಸಿಗೆಯಲ್ಲಿ ಕೆಲವನ್ನು ಹತ್ತಿದ್ದೆ. ಚಳಿಗಾಲಕ್ಕೆ ಇದೇ ಮೊದಲು.

ಮೊದಲನೆಯ ಬೆಟ್ಟ ಕಾರ್ನ್ ಆಸ್ಡಾ ಬೇಗ ಮುಗಿಯಿತು. ಗಟ್ಟಿ ಹಿಮದಲ್ಲಿ ಬೂಟಿನಡಿ ಕಟ್ಟಿದ ಕ್ರಾಂಪಾನಿನ ಲೋಹದ ಹಲ್ಲುಗಳು ಕರಕರ ಕಚ್ಚಿಕೊಳ್ಳುತ್ತಿದ್ದವು. ಮುಂದಿನ ದಿಣ್ಣೆಯಲ್ಲಿ ಒಂದು ಮೊಲ ಎದ್ದು ಓಡಿತು. ಚಳಿಗಾಲಕ್ಕೆ ಮೈ ಪೂರ್ತಿ ಬಿಳಿ, ಕಿವಿಯ ತುದಿ ಮಾತ್ರ ಕಪ್ಪು. ಓಡುವವರೆಗೂ ಅದು ಅಲ್ಲಿತ್ತೆಂದೇ ಗೊತ್ತಾಗಿರಲಿಲ್ಲ. ಎಷ್ಟು ಚಂದ ಇತ್ತು ಅದು!

ಎರಡನೆಯದು ಕಾರ್ನ್ ಅ ಯೋಯ್, 975 ಮೀಟರ್. ಗೇಲಿಕ್‌ನಲ್ಲಿ ಹೆಬ್ಬಾತಿನ ಬೆಟ್ಟ ಎಂದರ್ಥ. ಅದರ ತುದಿಯಲ್ಲಿ ಕಲ್ಲುಗುಪ್ಪೆಯ ಮರೆಗೆ ಕೂತು ಚಪಾತಿ ಸುರುಳಿ ತಿನ್ನುವಾಗ ಪಶ್ಚಿಮದಿಂದ ಮೋಡ ಬಂತು. ಐದೇ ನಿಮಿಷ. ಆಕಾಶ ಬಿಳಿ, ನೆಲ ಬಿಳಿ, ನಡುವೆ ಗೆರೆಯೇ ಇಲ್ಲ. ನಿಂತಲ್ಲೇ ತಲೆ ಸುತ್ತಿದ ಹಾಗಾಯಿತು. ಏರುತ್ತಿದ್ದೇನೋ ಇಳಿಯುತ್ತಿದ್ದೇನೋ ಕಾಲಿಗೂ ತಿಳಿಯುತ್ತಿರಲಿಲ್ಲ.

ಬಂದ ಹೆಜ್ಜೆಗುರುತು ಹಿಡಿದು ವಾಪಸ್ ಹೋಗೋಣ ಅಂದೆ. ಗಾಳಿ ಅದನ್ನೆಲ್ಲ ಆಗಲೇ ಮುಚ್ಚಿತ್ತು. ಅಣ್ಣ ನಕ್ಷೆಯ ಮೇಲೆ ಕಂಪಾಸ್ ಇಟ್ಟು ಮೂರನೆಯ ಬೆಟ್ಟ ಕೇರ್ನ್‌ವೆಲ್ಲಿನ ದಿಕ್ಕು ಹಿಡಿದರು. ಹೆಜ್ಜೆ ಎಣಿಸುವ ಕೆಲಸ ನನಗೆ. ಸಮನೆಲದಲ್ಲಿ ನನಗೆ 100 ಮೀಟರಿಗೆ 65 ಜೋಡಿ ಹೆಜ್ಜೆ. ಈ ಹಿಮದಲ್ಲಿ 80 ಅಂತ ಲೆಕ್ಕ ಇಟ್ಟುಕೊಂಡೆವು. ಬಲಗಡೆ, ದಾರಿಯಲ್ಲಿ ಸಿಗುವ ಕಾರ್ನ್ ನಾನ್ ಸ್ಯಾಕ್ ಎಂಬ ದಿಣ್ಣೆಯ ದಕ್ಷಿಣ ಮಗ್ಗುಲು ಕಡಿದಾಗಿ ಕಣಿವೆಗೆ ಇಳಿಯುತ್ತದೆ. ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಾಚು ಇದ್ದರೆ ಅದರ ಕೆಳಗೆ ಬರೀ ಗಾಳಿ. ಅದಕ್ಕೇ ಉಂಡೆ ಎಸೆತ.

ನಾನೂರು ಮೀಟರ್ ಆಗಿರಬೇಕು. ನಾವು ಎಡಕ್ಕೆ ತಿರುಗುತ್ತಾ ಇದ್ದೇವೆ ಅಂತ ನನಗೆ ಖಂಡಿತ ಅನಿಸಿತು. ಮೈಯೆಲ್ಲಾ ಹಾಗೇ ಹೇಳುತ್ತಿತ್ತು. "ಅಣ್ಣಾ, ಇದು ತಪ್ಪು, ಬಲಕ್ಕೆ ಹೋಗಬೇಕು" ಅಂತ ಕೂಗಿದೆ.

ಅವರು ನಿಂತರು. ಕಂಪಾಸನ್ನು ನನ್ನ ಕೈಗೇ ಕೊಟ್ಟರು. "ನೀನೇ ನೋಡು ಮಾರಾಯ. ಇಲ್ಲಿ ಕಣ್ಣು ಸುಳ್ಳು ಹೇಳ್ತದೆ, ಮುಳ್ಳು ಹೇಳೋದಿಲ್ಲ."

ಮುಳ್ಳು ನೇರವಾಗಿತ್ತು. ಬಲಕ್ಕೆ ಹೋಗಿದ್ದರೆ ಆ ಅಂಚು. ಬಾಯಿ ಒಣಗಿತು. ಅಲ್ಲಿಂದ ಮುಂದೆ ನಾನೇ ಕಂಪಾಸ್ ಹಿಡಿದೆ, ಅವರು ಎಣಿಸಿದರು.

ಕೇರ್ನ್‌ವೆಲ್ಲಿನ ಹತ್ತಿರ ಮೊದಲು ಸಿಕ್ಕಿದ್ದು ಸ್ಕೀ ಇಳಿಜಾರಿನ ಮರದ ಬೇಲಿ. ಮುಟ್ಟಿ ನೋಡಿದೆ. ಅಷ್ಟು ಹೊತ್ತು ಕಂಡ ಮೊದಲ ಕಪ್ಪು ಬಣ್ಣ ಅದು. ಆಮೇಲೆ 933 ಮೀಟರಿನ ತುದಿ, ಅದರ ರೇಡಿಯೋ ಕಂಬಗಳು. ಗಾಳಿ ಬಂದ ದಿಕ್ಕಿಗೇ ಗರಿಗರಿಯಾಗಿ ಬೆಳೆದ ಮಂಜುಗಡ್ಡೆ, ಒಂದೊಂದೂ ಅಂಗೈ ಅಗಲ.

ಕಂಬದ ಮರೆಯಲ್ಲಿ ಅಣ್ಣ ಫ್ಲಾಸ್ಕಿನ ಕೊನೆಯ ಚಹಾ ಸುರಿದರು. ಲೋಟ ತೆಗೆದುಕೊಳ್ಳಲು ನನ್ನ ಕೈ ಬಿಡುವಿರಲಿಲ್ಲ. ಕಂಪಾಸ್ ಇನ್ನೂ ಅಂಗೈಯಲ್ಲೇ ಇತ್ತು.